ಸಂಘದ ಮೀಟಿಂಗಲ್ಲಿ ನನ್ನ ಬೈಪೋಲಾರ್ ಬಗ್ಗೆ ಮಾತಾಡು ಅಂತಿದಾರೆ, ಹೇಳ್ಲಾ ಬೇಡ್ವಾ?

ತೆಂಗಿನತೋಟ:
ಎಲ್ರಿಗೂ ನಮಸ್ಕಾರ. ನಂಗೆ ಬೈಪೋಲಾರ್ ಇದೆ (ಮನಸ್ಸು ಒಂದಷ್ಟು ದಿನ ವಿಪರೀತ ಏರೋದು, ಆಮೇಲೆ ಪೂರ್ತಿ ಕುಸಿಯೋದು, ಅಂಥ ಕಾಯಿಲೆ), ಡಿಗ್ರಿ ಓದ್ತಿದ್ದಾಗ ಶುರುವಾಗಿದ್ದು. ಆಗ ರಾತ್ರಿಯೆಲ್ಲ ನಿದ್ದೆ ಇಲ್ದೆ ಓಡಾಡ್ತಿದ್ದೆ, ಇದ್ದಬದ್ದ ದುಡ್ಡಲ್ಲಿ ಬೀದಿ ಹೆಂಗಸರಿಗೆಲ್ಲ ಸೀರೆ ತಂದು ಹಂಚಿದ್ದೆ, ಆಮೇಲೆ ನೋಡಿದ್ರೆ ತಿಂಗಳುಗಟ್ಲೆ ಹಾಸಿಗೆಯಿಂದ ಏಳೋಕೇ ಆಗ್ಲಿಲ್ಲ. ಈಗ ಅದಕ್ಕೆ ಕೊಡೋ ಲಿಥಿಯಂ ಮಾತ್ರೆ ತಗೋತಾ ಚೆನ್ನಾಗಿದೀನಿ, ಕೈ ಸ್ವಲ್ಪ ನಡುಗುತ್ತೆ ಅಷ್ಟೆ. ಆಗಾಗ ರಕ್ತ ಕೊಡ್ಬೇಕು, ಅದನ್ನ ನಮ್ಮಮ್ಮ ನೆಂಟರಿಗೆ ಥೈರಾಯ್ಡ್ ಟೆಸ್ಟ್ ಅಂತಾರೆ (ಪೂರ್ತಿ ಸುಳ್ಳೂ ಅಲ್ಲ ಬಿಡಿ, ಲಿಥಿಯಂ ತಗೊಳೋರಿಗೆ ಥೈರಾಯ್ಡು ಕಿಡ್ನಿ ಎರಡೂ ನೋಡ್ತಾರೆ). ವಿಷಯ ಏನಂದ್ರೆ ಅಕ್ಟೋಬರ್ 10 ಮಾನಸಿಕ ಆರೋಗ್ಯ ದಿನ, ಅವತ್ತು ಸ್ತ್ರೀಶಕ್ತಿ ಸಂಘದಲ್ಲಿ ನಿನ್ನ ಅನುಭವ ಹೇಳು ಅಂತ ಅಂಗನವಾಡಿ ಮೇಡಂ ಕೇಳಿದಾರೆ. ನಂಗೆ ಆಸೆ ಇದೆ. ಆದ್ರೆ ತಂಗಿಗೆ ಗಂಡು ನೋಡ್ತಿರೋವಾಗ ಇದೆಲ್ಲ ಯಾಕೆ, ಹುಚ್ಚಿರೋ ಮನೆ ಅಂತ ಒಂದ್ಸಲ ಹೆಸರು ಬಿದ್ರೆ ಮುಗೀತು ಅಂತಾರೆ ಅಮ್ಮ. ಹೀಗೆ ಬಾಯಿಬಿಟ್ಟು ಹೇಳಿದವ್ರು ಯಾರಾದ್ರೂ ಇದೀರಾ, ಆಮೇಲೆ ಏನಾಯ್ತು?

ಗಿರಮಿಟ್:
ಅಕ್ಕಾರ, ನಮ್ಮಣ್ಣಗ ಸ್ಕಿಜೋಫ್ರೇನಿಯಾ ಐತ್ರಿ, ಇಲ್ಲದ ಧ್ವನಿ ಕೇಳ್ಸೂದು, ಇಲ್ಲದ ಸಂಶಯ ಬರೂದು, ಅಂಥಾ ಮಾನಸಿಕ ಕಾಯಿಲೆ. ಮೊದ್ಲ ಗಾಳಿ ಸೋಕೇತಿ ಅಂತ ತಾಯತ ಕಟ್ಟಿಸಿ, ಗುಡಿಗುಡಿ ತಿರುಗಿ ರೊಕ್ಕ ಕಳ್ಕೊಂಡ ಮ್ಯಾಲೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಗೆ ಹೋದ್ವಿ. ಗುಳಿಗಿ ಚಾಲೂ ಆದ್ರೂ ಓಣ್ಯಾಗ ಯಾರಿಗೂ ಹೇಳಿರಲಿಲ್ಲ. ಒಂದಿನ ಅಂವ ಮನಿ ಬಿಟ್ಟು ಹ್ವಾದ ನೋಡ್ರಿ, ಹುಡುಕಾಕ ಮಂದಿಗೆ ಹೇಳಲೇಬೇಕಾತು. ಕಿರಾಣಿ ಅಂಗಡಿ ಕಾಕಾನ ಬಸ್‌ಸ್ಟ್ಯಾಂಡಿಂದ ಕರ್ಕೊಂಡು ಬಂದ್ರು. ಈಗ ಅಣ್ಣ ಕಟ್ಟಿ ಮ್ಯಾಲೆ ಒಬ್ನ ಮಾತಾಡ್ಕೋತ ಕುಂತ್ರ ಅವರ ಫೋನ್ ಹಚ್ಚಿ ಗುಳಿಗಿ ತಗೊಂಡಾನೋ ಇಲ್ಲೋ ನೋಡು ತಮ್ಮಾ ಅಂತಾರ. ಹಂಗಂತ ಎಲ್ಲಾರೂ ಚೊಲೊ ಆದ್ರು ಅಂತಲ್ರಿ, ಸೋದರತ್ತಿ ಮನಿಯವ್ರು ಇವತ್ತಿಗೂ ಲಗ್ನಕ್ಕ ಕರಿಯೂದಿಲ್ಲ, ಬಿಡ್ಲಿ ಅತ್ಲಾಗ.

ಸಿಲ್ಕ್‌ಬೋರ್ಡ್_ಸಂತ್ರಸ್ತ:
ನಾನು ಉಲ್ಟಾ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ದೀಪಿಕಾ ಪಡುಕೋಣೆ 2015ರಲ್ಲಿ ಡಿಪ್ರೆಶನ್ ಬಗ್ಗೆ ಓಪನ್ನಾಗಿ ಹೇಳಿದ್ರು, ಒಳ್ಳೇದೇ ಆಯ್ತು, ನನ್ನಂಥೋರು ಡಾಕ್ಟರ್ ಹತ್ರ ಹೋಗೋಕೆ ಅದೂ ಒಂದು ಕಾರಣ. ಆದ್ರೆ ಅವ್ರಿಗೆ ಅಪ್ರೈಸಲ್ ಮಾಡೋ ಮ್ಯಾನೇಜರ್ ಇಲ್ವಲ್ಲ. ನಾನು ನಂಬಿ ನಮ್ಮ ಮ್ಯಾನೇಜರ್‌ಗೆ ಹೇಳಿದೆ, ಪಾಪ ರೆಸ್ಟ್ ತಗೊಳಪ್ಪ ಅಂತ್ಲೇ ಒಂದೊಂದಾಗಿ ಕೆಲ್ಸ ಕಿತ್ಕೊಂಡ್ರು, ಕೊನೆಗೆ ಪರ್ಫಾರ್ಮೆನ್ಸ್ ಇಲ್ಲ ಅಂದ್ರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಚಿಕಿತ್ಸೆ ವಿಷಯ ಗುಟ್ಟಾಗಿಡೋದು ನಮ್ಮ ಹಕ್ಕು, ಇನ್ಶೂರೆನ್ಸ್‌ನವ್ರೂ ಬೇರೆ ಕಾಯಿಲೆಗೆ ಕೊಡೋ ಹಾಗೇ ಇದಕ್ಕೂ ಕವರ್ ಕೊಡ್ಬೇಕು. ಆದ್ರೆ ಕ್ಯಾಂಟೀನಲ್ಲಿ ಆಡ್ಕೊಳೋರಿಗೆ ಯಾವ ಕಾಯ್ದೆ? ಯಾರಿಗೆ ಹೇಳ್ಬೇಕು ಅನ್ನೋದು ನಿಮ್ಮ ಕೈಲಿರ್ಲಿ, ಮೇಡಂ ಕೈಲಲ್ಲ.

ಮಲ್ನಾಡ್_ಸಿಸ್ಟರ್:
ನಾನು ತಾಲ್ಲೂಕು ಆಸ್ಪತ್ರೇಲಿ ನರ್ಸ್. ಮೇಲಿನವರು ಹೇಳಿದ್ದು ಆಫೀಸಿಗೆ ಸರಿ, ಸಂಘದ ಕಥೆ ಬೇರೆ, ಅಲ್ಲಿರೋ ಹೆಂಗಸರ ಮನೇಲೂ ಯಾರೋ ಒಬ್ರು ಹೀಗೇ ಇರ್ತಾರೆ. ನಿಮ್ಹಾನ್ಸ್‌ನವರು 2015-16ರಲ್ಲಿ ಮಾಡಿದ ಸರ್ವೇಲಿ ದೊಡ್ಡೋರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಜನಕ್ಕೆ ಮಾನಸಿಕ ಕಾಯಿಲೆ ಇದೆ ಅಂತ ಬಂದಿದೆ, ಅದ್ರಲ್ಲಿ ಬಹಳಷ್ಟು ಜನ ಚಿಕಿತ್ಸೇನೇ ತಗೊಂಡಿಲ್ಲ. ಬರೀ ಮಾಹಿತಿ ಕೊಡೋದಕ್ಕಿಂತ ಕಾಯಿಲೆ ಕಂಡೋರೇ ಎದುರು ಕೂತು ಮಾತಾಡಿದ್ರೆ ಜನ ಬದಲಾಗ್ತಾರೆ ಅಂತ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ 2022ರ ಕಮಿಷನ್ ವರದೀಲೂ ಇದೆ. ಆದ್ರೆ ಎಲ್ಲಾನೂ ಹೇಳ್ಬೇಕು ಅಂತಿಲ್ಲ. ಸಾಯೋ ಯೋಚನೆ ಬಂದಿತ್ತು ಅಂದ್ರೆ ಸಾಕು, ಹೇಗೆ ಏನು ಅಂತ ಬಿಡಿಸಿ ಹೇಳೋದು ಬೇಡ, ಕೇಳ್ತಾ ಇರೋರಲ್ಲಿ ಯಾರ ಮನಸ್ಸು ಹೇಗಿರುತ್ತೋ. ನಿದ್ದೆ ಕಮ್ಮಿಯಾಗಿದ್ದು, ಸೀರೆ ಹಂಚಿದ್ದು ಹೇಳಿ, ಹಳ್ಳಿಲಿ ಅದನ್ನ ಯಾರೂ ಕಾಯಿಲೆ ಅಂದ್ಕೊಳಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬೋರ್ಡ್ ಮೇಲೆ ಬರೆಸಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಮತ್ತೆ ತಂಗೀನ ಕೇಳಿದ್ರಾ? ಅಮ್ಮ ಅವಳ ಹೆಸರಲ್ಲಿ ಹೆದರ್ತಿರೋದು.

ತೆಂಗಿನತೋಟ:
ಕೇಳಿದೆ ಸಿಸ್ಟರ್. ಇದನ್ನ ಕೇಳಿ ಓಡಿಹೋಗೋ ಗಂಡು ಈಗ್ಲೇ ಓಡಿಹೋಗ್ಲಿ, ನಾನೂ ಪಕ್ಕದಲ್ಲಿ ಕೂರ್ತೀನಿ ಅಂದ್ಲು. ಅಮ್ಮ ಮಾತು ಬಿಟ್ಟಿದಾರೆ, ಊಟ ಮಾತ್ರ ಬಡಿಸ್ತಾರೆ. ಮಾತಾಡ್ತೀನಿ. ಆದ್ರೆ ಇದು ಮಕ್ಕಳಿಗೂ ಬರುತ್ತಾ ಅಂತ ಗ್ಯಾರಂಟಿ ಕೇಳ್ತಾರೆ, ಏನು ಹೇಳ್ಲಿ?

ಮಲ್ನಾಡ್_ಸಿಸ್ಟರ್:
ಇದ್ದಿದ್ದು ಇದ್ದ ಹಾಗೇ ಹೇಳಿ. ಅಪ್ಪ ಅಮ್ಮಂದಿರಲ್ಲಿ ಒಬ್ರಿಗಿದ್ರೆ ಮಕ್ಕಳಿಗೆ ಬರೋ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ, ಸುಮಾರು ನೂರಕ್ಕೆ ಹತ್ತು ಅಂತಾರೆ, ಅಂದ್ರೆ ಹೆಚ್ಚಿನ ಮಕ್ಕಳಿಗೆ ಬರಲ್ಲ. ಬಸುರಿಯಾಗ್ಬೇಕು ಅಂತ ಮಾತ್ರೆ ತಾವಾಗೇ ನಿಲ್ಲಿಸೋದು ಮಾತ್ರ ಬೇಡ, ಮೊದ್ಲೇ ಡಾಕ್ಟರ್ ಹತ್ರ ಮಾತಾಡ್ಬೇಕು, ಇದನ್ನ ಒತ್ತಿ ಹೇಳಿ.