ಡ್ಯೂರಮ್ ಗೋಧಿಯ ‘ವಿಟ್ರಿಯಸ್’ ಗುಣಕ್ಕೆ ‘ಗಡಸುತನ’ ಎನ್ನಬಹುದೆ?

ಮಾನ್ಯರೆ,

ತಳಿ ಮತ್ತು ಬೆಳೆಯುವ ಪರಿಸರ ರವೆ, ಪಾಸ್ತಾಗಳಿಗೆ ಬಳಸುವ ಡ್ಯೂರಮ್ ಗೋಧಿಯ ಬೀಸುವ ಗುಣವನ್ನು ಹೇಗೆ ಬದಲಿಸುತ್ತವೆ ಎಂಬುದನ್ನು ಕುರಿತ ಲೇಖನವೊಂದನ್ನು ತಿದ್ದುತ್ತಿದ್ದೇನೆ. ಅದರಲ್ಲಿ ‘ಹಾರ್ಡ್‌ನೆಸ್’ ಮತ್ತು ‘ವಿಟ್ರಿಯಸ್‌ನೆಸ್’ (ಕಾಳು ಗಾಜಿನಂತಿರುವಿಕೆ) ಎರಡಕ್ಕೂ ‘ಗಡಸುತನ’ ಎಂದೇ ಬರೆದಿರುವುದರಿಂದ, ಗಡಸುತನ ಹುಟ್ಟಿನಿಂದ ಬಂದದ್ದೆಂದು ಒಂದು ಪುಟವೂ ಮಣ್ಣಿನ ಸಾರಜನಕವನ್ನು ಅವಲಂಬಿಸಿದ್ದೆಂದು ಮುಂದಿನ ಪುಟವೂ ಹೇಳುವಂತಾಗಿದೆ. ಎರಡು ಮಾತೂ ನಿಜ, ಎಡವಿರುವುದು ಪದ.

ಬ್ರೆಡ್ ಗೋಧಿಯಲ್ಲಿ 42 ವರ್ಣತಂತುಗಳಿದ್ದರೆ ಡ್ಯೂರಮ್‌ನಲ್ಲಿ 28 ಇವೆ. ಕಾಳನ್ನು ಮೆದುವಾಗಿಸುವ ಪ್ಯೂರೋಇಂಡೋಲಿನ್ ಪ್ರೋಟೀನುಗಳ ಜೀನುಗಳು ಬ್ರೆಡ್ ಗೋಧಿಯ ಮೂರು ವರ್ಣತಂತು ಗುಂಪುಗಳಲ್ಲಿ ಒಂದಾದ ಡಿ ಜೀನೋಮಿನಲ್ಲಿದ್ದು, ಡ್ಯೂರಮ್‌ಗೆ ಆ ಜೀನೋಮೇ ಇಲ್ಲದ ಕಾರಣ ಅದು ಎಲ್ಲಿ ಬೆಳೆದರೂ ಗಡಸೇ. ಲ್ಯಾಟಿನ್ನಿನಲ್ಲಿ ‘ಡೂರುಮ್’ ಎಂದರೂ ಗಡಸೆಂದೇ ಅರ್ಥ. ಇಲ್ಲಿ ‘ಗಡಸುತನ’ ಸರಿಯಾದ ಪದ.

‘ವಿಟ್ರಿಯಸ್’ ಬೇರೆಯದೇ ಗುಣ. ಪಿಷ್ಟದ ಕಣಗಳ ನಡುವಿನ ಎಡೆಯನ್ನು ಪ್ರೋಟೀನು ಸಂದಿಲ್ಲದಂತೆ ತುಂಬಿದಾಗ ಬೆಳಕು ಒಳಹಾಯ್ದು ಕಾಳು ಜೇನುಬಣ್ಣದ ಗಾಜಿನ ಚೂರಿನಂತೆ ಕಾಣುತ್ತದೆ. ಕಾಳು ತುಂಬುವ ಹಂತದಲ್ಲಿ ಸಾರಜನಕ ಸಾಲದಿದ್ದರೆ, ಇಲ್ಲವೇ ಮಾಗಿದ ತೆನೆ ಮಳೆಯಲ್ಲಿ ನೆನೆದು ಮತ್ತೆ ಒಣಗಿದರೆ, ಒಳಗೆ ಸೂಕ್ಷ್ಮವಾದ ಗಾಳಿಸಂದುಗಳು ಉಳಿದು ಕಾಳು ಸುಣ್ಣದಂತೆ ಬಿಳಿಚುತ್ತದೆ. ಅರ್ಧ ಗಾಜು, ಅರ್ಧ ಸುಣ್ಣವಾದ ಕಾಳುಗಳೂ ಉಂಟು. ಬಿಳಿಚಿದ ಕಾಳುಗಳು ಗಿರಣಿಯ ಉರುಳೆಗಳ ನಡುವೆ ರವೆಯಾಗಿ ಒಡೆಯದೆ ಹೆಚ್ಚಾಗಿ ಹಿಟ್ಟಾಗಿಬಿಡುತ್ತವೆ. ಹೀಗೆ ಬಿಳಿಚುವ ಸ್ವಭಾವ ಕೆಲವು ತಳಿಗಳಲ್ಲಿ ಹೆಚ್ಚು, ಕೆಲವುಗಳಲ್ಲಿ ಕಡಿಮೆ ಎಂಬುದನ್ನೂ ಸೇರಿಸಬೇಕು.

ಪರ್ಯಾಯ ಪದಗಳಲ್ಲಿ ‘ಪಾರದರ್ಶಕತೆ’ ಅತಿಯಾಯಿತು, ಏಕೆಂದರೆ ಕಾಳು ಅರೆಪಾರದರ್ಶಕ ಮಾತ್ರ. ‘ಹೊಳಪು’ ಮೇಲ್ಮೈಯ ಮಾತಾಗುತ್ತದೆ; ಈ ಗುಣವನ್ನು ಕಾಳನ್ನು ಅಡ್ಡ ಕತ್ತರಿಸಿ ನೋಡುತ್ತಾರೆ. ‘ಕಾಚಾಭ’ (ಗಾಜಿನಂತಹ) ನಿಷ್ಕೃಷ್ಟವಾದರೂ ಅದಕ್ಕೇ ಟಿಪ್ಪಣಿ ಬರೆಯಬೇಕಾದೀತು. ‘ಗಾಜುಗಾಳು’, ‘ಸುಣ್ಣಗಾಳು’ ಎಂಬ ಜೋಡಿಯತ್ತ ನನ್ನ ಒಲವಿದೆ. ‘ಹಿಟ್ಟುಗಾಳು’ ಎಂದರೆ ಹಿಟ್ಟಿಗೆ ಹೇಳಿಮಾಡಿಸಿದ ಕಾಳು ಎಂಬ ಅರ್ಥ ಬರುವುದರಿಂದ ಅದನ್ನು ಕೈಬಿಟ್ಟೆ.

ಕಾಳು ಬಿಳಿಚುವ ಈ ದೋಷಕ್ಕೆ ಇಂಗ್ಲಿಷಿನಲ್ಲಿ ‘ಯೆಲ್ಲೊ ಬೆರಿ’ ಎಂಬ ಹೆಸರೂ ಇದೆ. ಅದನ್ನು ‘ಹಳದಿ ಕಾಳು’ ಎಂದು ಕನ್ನಡಿಸಿದರೆ ದೋಷವೇ ಹೊಗಳಿಕೆಯಾದೀತು: ಮುಖ್ಯವಾಗಿ ಲೂಟೀನ್ ಎಂಬ ವರ್ಣದ್ರವ್ಯದಿಂದ ಬರುವ, ಬಹುಮಟ್ಟಿಗೆ ತಳಿಯೇ ನಿರ್ಧರಿಸುವ ಹಳದಿ ಬಣ್ಣ ಡ್ಯೂರಮ್ ರವೆಯಲ್ಲಿ ಎಲ್ಲರೂ ಬಯಸುವ ಗುಣ.

ಇನ್ನೊಂದು ತೊಡಕು ‘ಇಳುವರಿ’ಯದು. ಕಾಳು ತುಂಬುವಾಗ ಬಿಸಿಲು ವಿಪರೀತವಾದರೆ ಕಾಳು ಸೊರಗಿ ಸಿಪ್ಪೆಯ ಪಾಲು ಹೆಚ್ಚುತ್ತದೆ. ಆಗ ಹೊಲದ ಇಳುವರಿಯೂ ಗಿರಣಿಯ ಇಳುವರಿಯೂ (ಕಾಳಿನಿಂದ ಸಿಗುವ ರವೆಯ ಪ್ರಮಾಣ) ಕುಗ್ಗುತ್ತವೆ. ಒಂದೇ ವಾಕ್ಯದಲ್ಲಿ ಎರಡೂ ಬಂದಾಗ ಎರಡನೆಯದನ್ನು ‘ರವೆಪಾಲು’ ಎನ್ನಬಹುದೆ? ಗಿರಣಿಯವರ ಬಾಯಲ್ಲಿ ಇದಕ್ಕೆ ಬೇರೆ ಮಾತಿದ್ದರೆ, ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.