ಲ್ಯಾಬ್‌ನಲ್ಲಿ ಕನೆಕ್ಷನ್ ನಾವೇ ಮಾಡಿ ಕೊಡಬೇಕಾ, ಹುಡುಗರಿಗೆ ಬಿಡಬೇಕಾ?

ಸಿಂಧನೂರಿನವ
ಬಳ್ಳಾರಿಯ ಒಂದು ಕಾಲೇಜಿನಲ್ಲಿ ಎಂಟೆಕ್ ಮೊದಲ ವರ್ಷ ಓದುತ್ತಿದ್ದೇನೆ. ಗೇಟ್ ಪ್ರವೇಶ ಪರೀಕ್ಷೆ ಪಾಸಾದವರಿಗೆ ಕೊಡುವ ಸ್ಟೈಪೆಂಡ್ ಇದೆ, ತಿಂಗಳಿಗೆ 12,400 ರೂಪಾಯಿ. ಅದಕ್ಕೆ ವಾರಕ್ಕೆ ಎಂಟು ಹತ್ತು ಗಂಟೆ ಟಿಎ ಕೆಲಸ, ಅಂದರೆ ಪಾಠ, ಲ್ಯಾಬಿಗೆ ಸಹಾಯಕನ ಕೆಲಸ ಮಾಡಬೇಕು. ನನಗೆ ಸಿಕ್ಕಿದ್ದು ಬಿಇ ಹುಡುಗರ ಎಲೆಕ್ಟ್ರಿಕಲ್ ಮಷೀನ್ಸ್ ಲ್ಯಾಬ್. ಐದು ಟೇಬಲ್, ಇಪ್ಪತ್ತು ಜನ.

ಕಳೆದ ಗುರುವಾರ ಡಿಸಿ ಶಂಟ್ ಮೋಟರಿನ ಸ್ಪೀಡ್ ಕಂಟ್ರೋಲ್ ಇತ್ತು. ಮೂರನೇ ಟೇಬಲ್‌ನಲ್ಲಿ ಫೀಲ್ಡ್ ರಿಯೋಸ್ಟಾಟಿನ (ಮೋಟರಿನ ಫೀಲ್ಡ್ ಸುರುಳಿಗೆ ಹೋಗುವ ಕರೆಂಟ್ ಹೆಚ್ಚು ಕಡಿಮೆ ಮಾಡುವ ರೆಸಿಸ್ಟರಿನ) ವೈರ್ ಸಡಿಲವಾಗಿತ್ತು. ಮೋಟರ್ ಓಡುತ್ತಿರುವಾಗಲೇ ಕಳಚಿತು. ಸದ್ದು ಒಮ್ಮೆಲೇ ಏರಿತು. ಆ ಸದ್ದು ಇನ್ನೂ ಕಿವಿಯಲ್ಲಿದೆ. ಓಡಿ ಹೋಗಿ ಮೇನ್ ಸ್ವಿಚ್ ಎಳೆದೆ. ಯಾರಿಗೂ ಏನೂ ಆಗಲಿಲ್ಲ. ಆಮೇಲೆ ನೋಡಿದರೆ ಮೋಟರ್ ಶುರುಮಾಡುವ ಸ್ಟಾರ್ಟರಿನ ಹಿಡಿಕೆಗೆ ಯಾರೋ ದಾರ ಕಟ್ಟಿದ್ದರು.

ಈಗ ಲ್ಯಾಬ್ ನೋಡಿಕೊಳ್ಳುವ ಸರ್ ಹೇಳುತ್ತಿದ್ದಾರೆ, ನೀನೇ ಅರ್ಧ ಗಂಟೆ ಮೊದಲು ಬಂದು ಎಲ್ಲ ಕನೆಕ್ಷನ್ ಮಾಡಿಡು, ಹುಡುಗರು ರೀಡಿಂಗ್ ತಗೊಂಡು ಹೋಗಲಿ ಅಂತ. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಒಂದು ವೈರನ್ನೂ ಕೈಯಿಂದ ಜೋಡಿಸದೆ ಈ ಹುಡುಗರು ಇಂಜಿನಿಯರ್ ಆಗುವುದು ನನಗೆ ಸರಿ ಕಾಣುತ್ತಿಲ್ಲ. ನೀವು ಏನು ಹೇಳುತ್ತೀರಿ?

ರಾಯಚೂರು ಮೇಡಂ
ನಾನು ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುತ್ತೇನೆ. ನಿಮ್ಮ ಸರ್ ಹೇಳಿದ್ದೇ ಸರಿ. ಲ್ಯಾಬ್ ಮೂರು ಗಂಟೆ ಅಂತ ಟೈಮ್‌ಟೇಬಲ್‌ನಲ್ಲಿ ಇರುತ್ತದೆ. ಹಾಜರಿ, ಹಿಂದಿನ ವಾರದ ರೆಕಾರ್ಡ್ ತಿದ್ದುವುದು, ನಾಲ್ಕು ವೈವಾ ಪ್ರಶ್ನೆ, ಇಷ್ಟಕ್ಕೇ ಒಂದು ಗಂಟೆ ಹೋಯಿತು. ಬೇಸಿಗೆಯಲ್ಲಿ ಕರೆಂಟ್ ಹೋದರೆ ಇನ್ನೂ ಅರ್ಧ ಗಂಟೆ. ಉಳಿದದ್ದರಲ್ಲಿ ಇಪ್ಪತ್ತು ಜನ ತಪ್ಪು ಮಾಡಿ, ತಿದ್ದಿ, ರೀಡಿಂಗ್ ತೆಗೆಯುವುದು ಆಗುತ್ತದಾ? ಪರೀಕ್ಷೆಗೆ ಎಲ್ಲ ಪ್ರಯೋಗ ಮುಗಿದಿರಬೇಕು. ಮುಗಿಯದಿದ್ದರೆ ಮಾರ್ಕ್ಸ್ ಹೋಗುವುದು ಹುಡುಗರದ್ದು, ನಿಮ್ಮದಲ್ಲ.

ಇನ್ನೊಂದು ಮಾತು. ಏನಾದರೂ ಆದರೆ ಮೊದಲು ಕೇಳುವುದು ಆಗ ಅಲ್ಲಿ ಯಾರಿದ್ದರು ಅಂತ. ಅಲ್ಲಿದ್ದದ್ದು ನೀವು.

ಕೊಪ್ಪಳ ರಿಸರ್ಚ್
ತಮ್ಮಾ, ನಾನೂ ಎಂಟೆಕ್‌ನಲ್ಲಿ ಇದೇ ಕೆಲಸ ಮಾಡಿದವನು. ಸ್ಟೈಪೆಂಡ್ ಬರುವುದು 24 ತಿಂಗಳು ಮಾತ್ರ. ಲ್ಯಾಬ್‌ನಲ್ಲಿ ಜಾಸ್ತಿ ಮನಸ್ಸಿಟ್ಟರೆ ಎಂಟು ಗಂಟೆ ಹದಿನಾರು ಆಗುತ್ತದೆ, ಪ್ರಾಜೆಕ್ಟ್ ಹಿಂದೆ ಬೀಳುತ್ತದೆ. ನನಗೆ ಹಾಗೇ ಆಯಿತು. ಹೇಳಿದ್ದನ್ನು ಮಾಡು, ನಿನ್ನ ಓದು ನೋಡಿಕೋ.

ಲಿಂಗಸುಗೂರು ಐದನೇ ಸೆಮ್
ನಾನು ಆ ಇಪ್ಪತ್ತು ಜನರಲ್ಲಿ ಒಬ್ಬನಂತೆಯೇ. ಬೇರೆ ಕಾಲೇಜು, ಅಷ್ಟೇ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವನು.

ಅಣ್ಣಾ, ನಮ್ಮ ಹೊಲದ ಬೋರ್‌ವೆಲ್ ಸ್ಟಾರ್ಟರನ್ನು ನಾನೇ ಬಿಚ್ಚಿ ಜೋಡಿಸುತ್ತೇನೆ. ಕಾಯಿಲ್ ಸುಟ್ಟರೆ ಬದಲಾಯಿಸುತ್ತೇನೆ. ಅಕ್ಕಪಕ್ಕದ ಹೊಲದವರೂ ಕರೆಯುತ್ತಾರೆ. ಅದೇ ನಾನು ಲ್ಯಾಬ್‌ನಲ್ಲಿ ಪ್ಯಾಚ್ ಕಾರ್ಡ್ ವೈರ್ ಹಿಡಿದರೆ ಕೈ ನಡುಗುತ್ತದೆ. ತಪ್ಪಾದರೆ ಎಲ್ಲರ ಮುಂದೆ ಬೈಸಿಕೊಳ್ಳಬೇಕು. ಇಂಗ್ಲಿಷ್‌ನಲ್ಲಿ ಪ್ರಶ್ನೆ ಕೇಳುತ್ತಾರೆ, ಉತ್ತರ ಗೊತ್ತಿದ್ದರೂ ಬಾಯಿಗೆ ಬರುವುದಿಲ್ಲ. ಹಾಗಾಗಿ ಒಬ್ಬ ಜಾಣ ಹುಡುಗ ಕನೆಕ್ಷನ್ ಮಾಡುತ್ತಾನೆ, ಉಳಿದ ಮೂವರು ರೀಡಿಂಗ್ ಬರೆಯುತ್ತೇವೆ. ಅವನೂ ಬೇಡ, ಟಿಎ ಮಾಡಿಡಲಿ ಅಂದರೆ ನಾವು ನಾಲ್ವರೂ ಬರೀ ಬರೆಯುವವರಾಗುತ್ತೇವೆ.

ಒಂದು ಅನುಮಾನ. ಹಿಡಿಕೆಗೆ ದಾರ ಯಾಕೆ ಕಟ್ಟಿದ್ದರು?

ನಿವೃತ್ತ ಇಂಜಿನಿಯರ್
ಲಿಂಗಸುಗೂರಿನ ಮಗನೇ, ಒಳ್ಳೆಯ ಪ್ರಶ್ನೆ ಕೇಳಿದೆ.

ತ್ರೀ ಪಾಯಿಂಟ್ ಸ್ಟಾರ್ಟರಿನಲ್ಲಿ ಹಿಡಿಕೆಯನ್ನು ಕೊನೆಯ ಸ್ಟಡ್‌ನಲ್ಲಿ, ಅಂದರೆ ಓಡುವ ಸ್ಥಾನದಲ್ಲಿ, ಹಿಡಿದಿಡುವುದು ನೋ ವೋಲ್ಟ್ ಕಾಯಿಲ್ ಅನ್ನುವ ವಿದ್ಯುತ್ಕಾಂತ. ಅದು ಫೀಲ್ಡ್, ಅಂದರೆ ಮೋಟರಿಗೆ ಕಾಂತಕ್ಷೇತ್ರ ಕೊಡುವ ಸುರುಳಿಯ ಜೊತೆ ಸೀರೀಸ್‌ನಲ್ಲಿರುತ್ತದೆ. ಈ ಕಾಂತಕ್ಷೇತ್ರ ಕಡಿಮೆಯಾದಷ್ಟೂ ಮೋಟರ್ ವೇಗ ಏರುತ್ತದೆ. ಫೀಲ್ಡ್ ತೆರೆದುಕೊಂಡರೆ ಕಾಯಿಲಿಗೂ ಕರೆಂಟ್ ಇಲ್ಲ. ಸ್ಪ್ರಿಂಗ್ ಹಿಡಿಕೆಯನ್ನು ಎಳೆದು ಆಫ್ ಮಾಡುತ್ತದೆ. ಮೋಟರ್ ಹುಚ್ಚು ವೇಗಕ್ಕೆ ಹೋಗದಂತೆ ಕಾಯುವುದು ಇದೇ. ಆದರೆ ಸ್ಪೀಡ್ ಜಾಸ್ತಿ ಮಾಡಲು ಫೀಲ್ಡ್ ಕರೆಂಟ್ ಇಳಿಸುತ್ತಾ ಹೋದರೆ ಕಾಯಿಲಿನ ಹಿಡಿತವೂ ಕಡಿಮೆಯಾಗುತ್ತದೆ. ಹಿಡಿಕೆ ನಡುವೆಯೇ ಬೀಳುತ್ತದೆ. ರೀಡಿಂಗ್ ಅರ್ಧಕ್ಕೆ ನಿಲ್ಲುತ್ತದೆ. ಅದಕ್ಕೇ ಯಾರೋ ದಾರ ಕಟ್ಟಿದ್ದಾರೆ. ನಮ್ಮ ಕಡೆ ಕರೆಂಟ್ ಬಂದ ಕೂಡಲೇ ಪಂಪ್ ಶುರುವಾಗಲಿ ಅಂತ ಸ್ಟಾರ್ಟರ್ ಬಟನ್‌ಗೆ ಕಡ್ಡಿ ಸಿಕ್ಕಿಸುತ್ತಾರಲ್ಲ, ಹಾಗೆ. ಈ ತೊಂದರೆಗೆ ಫೋರ್ ಪಾಯಿಂಟ್ ಸ್ಟಾರ್ಟರ್ ಇದೆ. ಅದರಲ್ಲಿ ಕಾಯಿಲ್ ಸಪ್ಲೈಗೆ ನೇರವಾಗಿ ಸೇರಿರುತ್ತದೆ, ಹಿಡಿಕೆ ಬೀಳುವುದಿಲ್ಲ. ಆದರೆ ಫೀಲ್ಡ್ ತೆರೆದುಕೊಂಡರೆ ಅದು ಕಾಯುವುದೂ ಇಲ್ಲ.

ತಮ್ಮಾ ಸಿಂಧನೂರಿನವನೇ, ಇದನ್ನು ನಿನ್ನ ಹುಡುಗರಿಗೆ ಹೇಳಿದೆಯಾ? ಆ ದಿನ ನಿನಗೆ ಸಿಕ್ಕ ದೊಡ್ಡ ಪಾಠ ಆ ದಾರವೇ.

ಮೇಡಂ ಅವರಿಗೆ ಒಂದು ಮಾತು. ನಾನು ಕೆಲಸ ಮಾಡುತ್ತಿದ್ದ ಕಡೆ ಹೊಸದಾಗಿ ಬಂದ ಒಬ್ಬ ಹುಡುಗ, ಒಳ್ಳೆ ಮಾರ್ಕ್ಸ್ ತೆಗೆದವನು, ಓಡುತ್ತಿದ್ದ ಪ್ಯಾನಲ್‌ನಲ್ಲಿ ಅಮ್ಮೀಟರ್ ಬಿಚ್ಚಲು ಸ್ಕ್ರೂಡ್ರೈವರ್ ಇಟ್ಟ. ಅದು ಸಿಟಿ, ಅಂದರೆ ದೊಡ್ಡ ಕರೆಂಟನ್ನು ಅಳೆಯಲು ಇಳಿಸಿ ಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಗೆ (ಹೊರ ಸುರುಳಿಗೆ) ಸೇರಿದ ಮೀಟರ್. ಲೋಡ್ ಇರುವಾಗ ಸಿಟಿ ಸೆಕೆಂಡರಿ ತೆರೆದರೆ ಆ ತುದಿಯಲ್ಲಿ ಸಾವಿರಾರು ವೋಲ್ಟ್ ಏಳಬಹುದು. ಅವನ ಕೈ ಹಿಡಿದೆಳೆದೆ. ಕೇಳಿದರೆ ಅವನಿಗೆ ಈ ನಿಯಮ ಬಾಯಿಪಾಠ ಬರುತ್ತಿತ್ತು! ಆದರೆ ಕಾಲೇಜಿನಲ್ಲಿ ಒಮ್ಮೆಯೂ ಸಿಟಿ ಜೋಡಿಸಿರಲಿಲ್ಲ. ಯಾವ ವೈರ್ ಎಲ್ಲಿಂದ ಬಂತು ಅಂತ ನೋಡುವ ಅಭ್ಯಾಸವೇ ಇರಲಿಲ್ಲ.

ನಮ್ಮ ಹುಡುಗರು ನಾಳೆ ಹೋಗುವುದು ಎಲ್ಲಿಗೆ? ಇಲ್ಲಿನ ವಿದ್ಯುತ್ ಸ್ಥಾವರಗಳಿಗೆ. ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್, ಕುಡತಿನಿಯಲ್ಲಿ 1,700, ಯರಮರಸಿನಲ್ಲಿ 1,600. ರಾಯಚೂರು, ಬಳ್ಳಾರಿ ಎರಡೇ ಜಿಲ್ಲೆಯಲ್ಲಿ 5,000 ಮೆಗಾವ್ಯಾಟ್ ದಾಟುತ್ತದೆ. ಅಲ್ಲಿ ಯಾರೂ ಮೊದಲೇ ಬಂದು ಕನೆಕ್ಷನ್ ಮಾಡಿಡುವುದಿಲ್ಲ.

ರಾಯಚೂರು ಮೇಡಂ
ಸರ್, ನೀವು ಹೇಳಿದ್ದು ಒಪ್ಪುತ್ತೇನೆ. ಆದರೆ ನಿಮ್ಮ ಕಡೆ ಒಬ್ಬ ಹುಡುಗನ ಪಕ್ಕ ನೀವೊಬ್ಬರು ಇದ್ದಿರಿ. ಇಲ್ಲಿ ಐದು ಟೇಬಲ್‌ಗೆ ಒಬ್ಬ ಟಿಎ. ಅವನಿಗೆ ಎಷ್ಟು ಕೈ?

ನಿವೃತ್ತ ಇಂಜಿನಿಯರ್
ಅದು ನಿಜ ಮೇಡಂ. ಅದಕ್ಕೆ ಒಂದೇ ದಾರಿ. ತಪ್ಪು ಮಾಡುವುದಾದರೆ ಕರೆಂಟ್ ಇಲ್ಲದಾಗ ಮಾಡಲಿ. ಲೈನ್‌ಮನ್ ಕಂಬ ಹತ್ತುವ ಮೊದಲು ಎಲ್‌ಸಿ, ಅಂದರೆ ಲೈನ್ ಆಫ್ ಮಾಡಿದ ಅನುಮತಿ, ತಗೊಳ್ಳುತ್ತಾನಲ್ಲ, ಲ್ಯಾಬ್‌ನಲ್ಲೂ ಹಾಗೇ ಇರಲಿ. ಐದೂ ಟೇಬಲ್‌ನ ಮೇನ್ ಆಫ್. ಕನೆಕ್ಷನ್ ಹುಡುಗರೇ ಮಾಡಲಿ. ಟಿಎ ಬಂದು ನೋಡುವವರೆಗೆ ಸ್ವಿಚ್ ಯಾರೂ ಮುಟ್ಟಬಾರದು. ಸ್ವಿಚ್ ಹಾಕುವವನು ಟಿಎ ಒಬ್ಬನೇ, ಅದೂ ಜೋರಾಗಿ ಹೇಳಿ.

ನೋಡುವಾಗ ತಪ್ಪು ಕಂಡರೆ ತಿದ್ದಬೇಡ ತಮ್ಮಾ. ಬೆರಳಿಟ್ಟು ಕರೆಂಟ್ ಹೋಗುವ ದಾರಿ ತೋರಿಸು ಅಂತ ಹೇಳು. ಎಲ್ಲಿ ಬೆರಳು ನಿಲ್ಲುತ್ತದೋ ಅಲ್ಲೇ ತಪ್ಪು ಇರುತ್ತದೆ.

ಲಿಂಗಸುಗೂರು ಐದನೇ ಸೆಮ್
ಅದನ್ನು ಕನ್ನಡದಲ್ಲಿ ಕೇಳಿ ಅಣ್ಣಾ. ದಯವಿಟ್ಟು.

ಕೊಪ್ಪಳ ರಿಸರ್ಚ್
ಹಾಗಾದರೆ ನನ್ನ ಮಾತು ಸ್ವಲ್ಪ ಬದಲಾಯಿಸುತ್ತೇನೆ. ಮಾಡು, ಆದರೆ ಗಂಟೆ ಲೆಕ್ಕ ಬರೆದಿಡು. ಮೀರಿದರೆ ಗೈಡ್‌ಗೆ ತೋರಿಸು. ನಾನು ಬರೆದಿಟ್ಟಿರಲಿಲ್ಲ.

ಸಿಂಧನೂರಿನವ
ಎಲ್ಲರಿಗೂ ಥ್ಯಾಂಕ್ಸ್. ಸರ್ ಹತ್ತಿರ ಮಾತಾಡಿದೆ. ಒಂದು ಬ್ಯಾಚ್ ಹೀಗೆ ಮಾಡಿ ನೋಡು ಅಂದರು. ಇವತ್ತು ಟ್ರಾನ್ಸ್‌ಫಾರ್ಮರಿನ ಓಪನ್ ಸರ್ಕ್ಯೂಟ್, ಶಾರ್ಟ್ ಸರ್ಕ್ಯೂಟ್ ಟೆಸ್ಟ್ ಇತ್ತು.

ಮೊದಲ ಹತ್ತು ನಿಮಿಷ ದಾರದ ಕಥೆ ಹೇಳಿದೆ, ಕನ್ನಡದಲ್ಲೇ. ಯಾರೂ ಮೊಬೈಲ್ ನೋಡಲಿಲ್ಲ. ಆಮೇಲೆ ಕನೆಕ್ಷನ್. ನಾಲ್ಕು ಟೇಬಲ್ ಸಣ್ಣಪುಟ್ಟ ತಪ್ಪಿನಲ್ಲೇ ಮುಗಿಯಿತು. ಐದನೇ ಟೇಬಲ್‌ನಲ್ಲಿ ಒಬ್ಬ ಹುಡುಗಿ ವ್ಯಾಟ್‌ಮೀಟರಿನ ಕರೆಂಟ್ ಕಾಯಿಲನ್ನೇ ಸಪ್ಲೈಗೆ ಅಡ್ಡ ಹಾಕಿದ್ದಳು. ಸ್ವಿಚ್ ಹಾಕಿದ್ದರೆ ನೇರ ಶಾರ್ಟ್. ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಬೆರಳಿಟ್ಟು ದಾರಿ ತೋರಿಸಮ್ಮಾ ಅಂದೆ. ಫೇಸ್‌ನಿಂದ ಹೊರಟಳು. ಅಮ್ಮೀಟರ್, ವ್ಯಾಟ್‌ಮೀಟರಿನ ಕರೆಂಟ್ ಕಾಯಿಲಿನ ಎರಡು ತುದಿ ಎಮ್, ಎಲ್, ಅಲ್ಲಿಂದ ನೇರ ನ್ಯೂಟ್ರಲ್. ಬೆರಳು ನಿಂತಿತು. "ಸರ್, ಇದು ಟ್ರಾನ್ಸ್‌ಫಾರ್ಮರಿಗೆ ಹೋಗೋದೇ ಇಲ್ಲ!" ಅಂದಳು. ತಾನೇ ಬಿಚ್ಚಿ ಸರಿಮಾಡಿದಳು. ವೋಲ್ಟೇಜ್ ಏರಿಸುವ ವೇರಿಯಾಕ್ ತಿರುಗಿಸಿ ಟ್ರಾನ್ಸ್‌ಫಾರ್ಮರ್ ಗುಂಯ್ ಅಂದಾಗ ಅವಳ ಮುಖ ನೋಡಬೇಕಿತ್ತು.

ಅದಕ್ಕೆ ಇಪ್ಪತ್ತು ನಿಮಿಷ ಹೋಯಿತು. ಆ ಟೇಬಲ್‌ನವರಿಗೆ ಶಾರ್ಟ್ ಸರ್ಕ್ಯೂಟ್ ಟೆಸ್ಟ್ ಉಳಿದಿದೆ.

ರಾಯಚೂರು ಮೇಡಂ
ನಾನು ಹೇಳಿದ್ದು ಅದೇ ಅಲ್ವಾ. ಉಳಿದದ್ದು ಯಾವಾಗ?

ಸಿಂಧನೂರಿನವ
ಶನಿವಾರ ಮಧ್ಯಾಹ್ನ ಎರಡಕ್ಕೆ ಮೇಡಂ. ಲ್ಯಾಬ್ ಕೀ ಕೇಳಿದ್ದೇನೆ. ನಾಲ್ವರೂ ಬರುತ್ತೇವೆ ಅಂದಿದ್ದಾರೆ.