ಉಯಿಲು ನಾವೇ ಬರೆಯಬಹುದಾ, ವಕೀಲರು ಬೇಕಾ? ಮಾಡಿಸಿದವರು ಹೇಳಿ

ಸೋಮವಾರಪೇಟೆಯಿಂದ:
ಅಪ್ಪನಿಗೆ 74 ವರ್ಷ. ನಾಲ್ಕು ಎಕರೆ ಕಾಫಿ ತೋಟ, ಮನೆ, ಬ್ಯಾಂಕಿನಲ್ಲಿ ಸ್ವಲ್ಪ ಠೇವಣಿ. ನಾವು ಮೂವರು ಮಕ್ಕಳು, ನಮ್ಮಲ್ಲಿ ಜಗಳ ಇಲ್ಲ. ಉಯಿಲು ಬರೆದಿಡಬೇಕು ಅನ್ನುತ್ತಿದ್ದಾರೆ. ಮನೆಯಲ್ಲೇ ಬರೆದರೆ ನಡೆಯುತ್ತಾ? ವಕೀಲರ ಖರ್ಚು ಸುಮ್ನೆ ಯಾಕೆ ಅಂತ ಅಪ್ಪನ ವಾದ.

ವಿರಾಜಪೇಟೆಯಿಂದ:
ಅಕ್ಕಾ, ಮನೆಯಲ್ಲೇ ಬರೆದರೂ ನಡೆಯುತ್ತದೆ. ಸ್ಟಾಂಪ್ ಪೇಪರ್ ಬೇಡ, ಬಿಳಿ ಹಾಳೆ ಸಾಕು. ರಿಜಿಸ್ಟರ್ ಮಾಡಿಸುವುದೂ ಕಡ್ಡಾಯ ಅಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಪ್ರಕಾರ ಬರೆದವರ ಸಹಿ ಇರಬೇಕು, ಅವರು ಸಹಿ ಹಾಕಿದ್ದನ್ನು ನೋಡಿದ ಇಬ್ಬರು ಸಾಕ್ಷಿಗಳು ಅವರ ಎದುರಿಗೇ ಸಹಿ ಹಾಕಿರಬೇಕು.

ನಮ್ಮಪ್ಪ ಹಾಗೇ ಮಾಡಿದರು. ಒಂದೂವರೆ ಪುಟ, ಸ್ವಂತ ಕೈಬರಹ, ಒಂದು ಚಿತ್ತಿಲ್ಲ. ನಮಗೆ ತೊಂದರೆ ಬಂದದ್ದು ಸಾಕ್ಷಿಗಳಿಂದ. ಇಬ್ಬರೂ ಅಪ್ಪನ ವಯಸ್ಸಿನ ಸ್ನೇಹಿತರು. ಒಬ್ಬರು ಅಪ್ಪನಿಗಿಂತ ಮೊದಲೇ ಹೋದರು, ಇನ್ನೊಬ್ಬರು ಅದೇ ವರ್ಷದ ಮಳೆಗಾಲದಲ್ಲಿ. ಆಮೇಲೆ ಖಾತೆ ಬದಲಾವಣೆಗೆ ಹತ್ತಿರದವರೊಬ್ಬರು ತಕರಾರು ಹಾಕಿದರು, ವಿಷಯ ಕೋರ್ಟಿಗೆ ಹೋಯಿತು. ಸಾಕ್ಷಿಗಳಲ್ಲಿ ಒಬ್ಬರಾದರೂ ಬದುಕಿದ್ದರೆ ಅವರು ಬಂದು ಹೇಳಿದರೆ ಸಾಕಿತ್ತು. ಇಬ್ಬರೂ ಇಲ್ಲದ್ದರಿಂದ ಅಪ್ಪನ ಸಹಿ ಅಪ್ಪನದ್ದೇ, ಒಬ್ಬ ಸಾಕ್ಷಿಯ ಸಹಿಯಾದರೂ ಅವರದ್ದೇ ಅಂತ ನಾವು ತೋರಿಸಬೇಕಾಯಿತು. ಆ ಸಾಕ್ಷಿಯ ಮಗ ಅಟ್ಟ ಹತ್ತಿ ಹುಡುಕಿ, ಸಹಕಾರ ಸಂಘದ ಹಳೇ ಸಾಲದ ಪತ್ರ ತಂದುಕೊಟ್ಟರು. ಅಂಚು ಗೆದ್ದಲು ತಿಂದಿತ್ತು, ಸಹಿ ಮಾತ್ರ ಉಳಿದಿತ್ತು. ಅವರ ಋಣ ನಾನು ಮರೆಯುವುದಿಲ್ಲ.

ಹಾಗಾಗಿ ನಿಮಗಿಂತ ಚಿಕ್ಕವರನ್ನು ಸಾಕ್ಷಿ ಮಾಡಿಸಿ. ಪಾಲು ಸಿಗುವವರು ಬೇಡ, ಅವರ ಗಂಡ ಹೆಂಡತಿಯೂ ಬೇಡ. ಇಂಕ್ ಪೆನ್ನಿನಲ್ಲಿ ಬರೆಯಬೇಡಿ. ಅಪ್ಪ ಟ್ರಂಕಿನಲ್ಲಿ ಇಟ್ಟಿದ್ದರು. ನಮ್ಮ ಮಳೆ ಗೊತ್ತಲ್ಲ, ಹಾಳೆ ಬೂಷ್ಟು ಹಿಡಿದು ಎರಡು ಸಾಲು ನೀಲಿ ಕಲೆಯಾಗಿತ್ತು.

ನಾಪೋಕ್ಲಿನಿಂದ:
ಬರೆಯುವ ಮೊದಲು ಪಹಣಿ ತೆಗೆಸಿ ನೋಡಿ. ತೋಟ ಜಮ್ಮಾದ್ದಾ (ಕೊಡಗಿನಲ್ಲಿ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಾಗ), ಸಾಗುದ್ದಾ (ಪೂರ್ತಿ ಕಂದಾಯ ಕಟ್ಟುವ ಮಾಮೂಲಿ ಜಾಗ)? ಅಪ್ಪ ದುಡಿದು ಕೊಂಡದ್ದಾ, ಅಜ್ಜನಿಂದ ಬಂದದ್ದಾ? ವಕೀಲರು ಬೇಕಾ ಬೇಡವಾ ಅನ್ನುವುದಕ್ಕೆ ಉತ್ತರ ಅಲ್ಲಿದೆ.

ನಮ್ಮ ದೊಡ್ಡಪ್ಪ ಮನೆ ಮುಂದಿನ ಬಾಣೆಯನ್ನು (ಗದ್ದೆಗೆ ಸೇರಿದ ಎತ್ತರದ ಮರಗಳ ಜಾಗ) ಚಿಕ್ಕ ಮಗನ ಹೆಸರಿಗೆ ಉಯಿಲು ಬರೆದರು. ಐವತ್ತು ವರ್ಷ ಅವರೇ ಗೊಬ್ಬರ ಹಾಕಿ, ಕಪಾತು ಮಾಡಿ ಸಾಕಿದ ಗಿಡಗಳು. ಅವರ ಮನಸ್ಸಿನಲ್ಲಿ ಅದು ಅವರದ್ದೇ. ಪಹಣಿಯಲ್ಲಿ ಪಟ್ಟೆದಾರರ (ಕುಟುಂಬದ ಹಿರಿಯರ) ಜೊತೆ ಒಕ್ಕದ, ಅಂದರೆ ಇಡೀ ಕೂಡುಕುಟುಂಬದ, ಹನ್ನೊಂದು ಹೆಸರು! ಭಾಗವೇ ಆಗಿರಲಿಲ್ಲ. ಕುಟುಂಬದ ಆಸ್ತಿಯಲ್ಲಿ ತನ್ನ ಪಾಲನ್ನು ಮಾತ್ರ ಉಯಿಲು ಬರೆಯಬಹುದು. ‘ಈ ತೋಡಿನಿಂದ ಆ ಬೇಲಿವರೆಗೆ’ ಅಂತ ಗಡಿ ಹಾಕಿ ಕೊಡಲು ಆಗುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದಮೇಲೆ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮರದ ವಿಷಯವೂ ಇದೆ: ರಿಡೀಮ್ ಆಗದ, ಅಂದರೆ ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ ಜಾಗದ ಮರದ ಮೇಲೆ ಸರ್ಕಾರದ ಹಕ್ಕಿರುತ್ತದೆ.

ಪೂರ್ತಿ ಅಪ್ಪನ ಸ್ವಯಾರ್ಜಿತ ಆಗಿದ್ದು, ಮಕ್ಕಳೂ ಒಪ್ಪಿದ್ದರೆ ನೀವೇ ಬರೆಯಿರಿ. ಒಂದು ಸರ್ವೆ ನಂಬರು ಜಮ್ಮಾ ಇದ್ದರೂ ಇಲ್ಲಿನ ಜಾಗದ ಕಾಗದಪತ್ರ ಗೊತ್ತಿರುವ ಸ್ಥಳೀಯ ವಕೀಲರಿಗೇ ತೋರಿಸಿ. ಬೆಂಗಳೂರಿನ ಲಾಯರಿಗೆ ಬಾಣೆ ಅಂದರೆ ಏನು ಅಂತ ವಿವರಿಸುವುದರಲ್ಲೇ ನಮಗೆ ಎರಡು ಭೇಟಿ ಹೋಯಿತು.

ಮಡಿಕೇರಿಯಿಂದ:
ನಾವು ವಕೀಲರ ಹತ್ತಿರವೇ ಮಾಡಿಸಿದೆವು, ಒಳ್ಳೆಯದೇ ಆಯಿತು. ಅವರು ಮೊದಲು ನಮ್ಮನ್ನೆಲ್ಲ ಹೊರಗೆ ಕಳಿಸಿ ಅಮ್ಮನ ಹತ್ತಿರ ಒಬ್ಬರೇ ಮಾತಾಡಿದರು. ನಾನು ಅಡುಗೆಮನೆಯಲ್ಲಿ ಕಾಫಿ ಮಾಡುತ್ತಾ ನಿಂತಿದ್ದೆ, ಅರ್ಧ ಗಂಟೆ ಆಯಿತು. ತವರಿನಿಂದ ತಂದ ಒಡವೆಯಲ್ಲಿ ಒಂದು ಸರ ತಂಗಿಗೆ ಕೊಡಬೇಕು ಅನ್ನುವ ಆಸೆ ಅಮ್ಮನಿಗೆ ಇತ್ತಂತೆ. ನಮ್ಮ ಎದುರು ಯಾವತ್ತೂ ಹೇಳಿರಲಿಲ್ಲ.

ರಿಜಿಸ್ಟರ್ ಕಡ್ಡಾಯ ಅಲ್ಲದಿದ್ದರೂ ಮಾಡಿಸಿ ಅಂತಲೇ ನಾನು ಹೇಳುವುದು. ಮೂಲ ಪ್ರತಿ ಕಳೆದರೂ ಆಫೀಸಿನ ಪುಸ್ತಕದಲ್ಲಿ ನಕಲು ಉಳಿದಿರುತ್ತದೆ. ಅಮ್ಮ ನಡೆಯುವ ಸ್ಥಿತಿಯಲ್ಲಿ ಇರಲಿಲ್ಲ. ಅರ್ಜಿ ಕೊಟ್ಟಮೇಲೆ ಸಬ್ ರಿಜಿಸ್ಟ್ರಾರ್ ಮನೆಗೇ ಬಂದರು, ಕಾನೂನಿನಲ್ಲಿ ಅದಕ್ಕೆ ಅವಕಾಶ ಇದೆ. ಅದೇ ವಾರ ಡಾಕ್ಟರ ಹತ್ತಿರ, ಬುದ್ಧಿ ಸ್ಥಿಮಿತದಲ್ಲಿದೆ ಅಂತ ಸರ್ಟಿಫಿಕೇಟ್ ಬರೆಸಿಕೊಂಡಿದ್ದೆವು. ಕೈ ನಡುಗುವವರಿದ್ದರೆ ಇದು ಬೇಕು, ಸಹಿ ಬ್ಯಾಂಕಿನ ಸಹಿಗೆ ಹೊಂದದೇ ಇರಬಹುದು.

ಠೇವಣಿಗೆ ನಾಮಿನಿ ಇದ್ದರೆ ಸಾಕು ಅಂದುಕೊಳ್ಳಬೇಡಿ. ಬ್ಯಾಂಕು ದುಡ್ಡನ್ನು ನಾಮಿನಿ ಕೈಗೆ ಕೊಡುತ್ತದೆ, ಆದರೆ ಅದು ಸೇರಬೇಕಾದ್ದು ವಾರಸುದಾರರಿಗೆ. ಉಯಿಲಿನಲ್ಲಿ ಅದನ್ನೂ ಬರೆಸಿ.

ಸೋಮವಾರಪೇಟೆಯಿಂದ:
ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತೇ ಪಹಣಿ ತೆಗೆಸಿದೆ. ಮೂರು ಎಕರೆ ಅಪ್ಪ ಕೊಂಡದ್ದು, ಅವರ ಹೆಸರಲ್ಲೇ ಇದೆ. ಉಳಿದ ಒಂದು ಎಕರೆ ಇನ್ನೂ ಅಜ್ಜನ ಹೆಸರಲ್ಲಿದೆ, ಪೌತಿ ಖಾತೆಯೇ (ತೀರಿಹೋದವರ ಜಾಗ ವಾರಸುದಾರರ ಹೆಸರಿಗೆ ಬರುವುದು) ಆಗಿಲ್ಲ. ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಸೋಮವಾರ ವಕೀಲರ ಹತ್ತಿರ ಹೋಗೋಣ ಅಂತ ಅವರೇ ಹೇಳಿದರು. ಸಾಕ್ಷಿಗೆ ಪಕ್ಕದ ತೋಟದ ಹುಡುಗನನ್ನು ಕೇಳುತ್ತೇನೆ, ಅವನಿಗೆ ಇನ್ನೂ 30 ವರ್ಷ.